ಚೀನಕ್ಕೆ ಹೋದ ಭಾರತೀಯ ವೈದ್ಯನಿಯೋಗ: ಸೇವೆ ಮತ್ತು ಶಿಕ್ಷಣ

ವೈದ್ಯಕೀಯ ಪದವಿಯನ್ನು ಪಡೆದು ಉನ್ನತ ಶಿಕ್ಷಣದ ಹಂತದಲ್ಲಿರುವ ತರುಣ ವೈದ್ಯರು ಪರದೇಶಗಳಿಗೆ ಹೋಗಿ, ಅಲ್ಲಿಯ ಜನರ ಸೇವೆಯನ್ನು ಮಾಡುತ್ತ ತಮ್ಮ ವಿದ್ಯೆಯನ್ನೂ ಬೆಳೆಸಿಕೊಳ್ಳುವ ಪದ್ಧತಿ ಇಂದು ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ರೂಢವಾಗಿದೆ. ಇದರಿಂದ ಹೆಚ್ಚಿನ ಪ್ರಯೋಜನ ಹೋದವರಿಗೋ, ಅವರನ್ನು ಬರಮಾಡಿಕೊಂಡವರಿಗೋ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. 1938ರಲ್ಲಿ ಚೀನಕ್ಕೆ ಹೋದ ಭಾರತೀಯ ವೈದ್ಯನಿಯೋಗದ ವೃತ್ತಾಂತವನ್ನು ಈ ಪ್ರಶ್ನೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1937ರ ಜುಲೈಯಲ್ಲಿ ಜಪಾನು ಚೀನದ ಮೇಲೆ ಪೂರ್ಣ ಪ್ರಮಾಣದ ಯುದ್ಧವನ್ನು ಹೂಡಿತು. ಗಾಯಾಳುಗಳ ಚಿಕಿತ್ಸೆಗೆ ನೆರವನ್ನು ಕೋರಿ ಚೀನದ ಸೇನಾನಿ ಜು ದೆ ಅವರು ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. ಮರುವರ್ಷ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರಿಂದ ಹಣವನ್ನು ಕೂಡಿಸಿ ಐವರು ವೈದ್ಯರ ನಿಯೋಗವನ್ನು ಕಳುಹಿಸುವ ಏರ್ಪಾಡು ಮಾಡಿದರು. ಅಟಲ್, ಚೋಳ್ಕರ್, ಮುಖರ್ಜಿ, ಬಸು ಮತ್ತು ಕೋಟ್ನಿಸ್ ಎಂಬ ಈ ಐವರು 1938ರ ಸೆಪ್ಟೆಂಬರ್ 1ರಂದು ಮುಂಬಯಿಯಿಂದ ಹಡಗನ್ನೇರಿದರು. ಇವರಲ್ಲಿ ಅಟಲರು ಸ್ಪೇನಿನ ಅಂತರ್ಯುದ್ಧದಲ್ಲಿ ಕೆಲಸ ಮಾಡಿದ ಅನುಭವಿಗಳು. ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸರಾದರೋ ಆಗತಾನೆ ಮುಂಬಯಿಯಲ್ಲಿ ಪದವಿ ಮುಗಿಸಿ ಉನ್ನತ ವ್ಯಾಸಂಗಕ್ಕೆ ಸಿದ್ಧರಾಗುತ್ತಿದ್ದ 27 ವರ್ಷದ ತರುಣರು.

ಅಪಾರ ಸಂಖ್ಯೆಯ ಗಾಯಾಳುಗಳಿದ್ದ ಆ ಯುದ್ಧದಲ್ಲಿ ಐವರು ವೈದ್ಯರ ಕೈಗಳಿಂದ ಆಗಬಹುದಾದ ಚಿಕಿತ್ಸೆ ಸ್ವಲ್ಪವೇ ಎಂಬುದು ಸ್ಪಷ್ಟ. ನಿಯೋಗವು 1939ರ ಫೆಬ್ರವರಿಯಲ್ಲಿ ಯೆನಾನನ್ನು ತಲುಪಿತು. 1939–40ರಲ್ಲಿ ಮೂವರು ಸ್ವದೇಶಕ್ಕೆ ಹಿಂದಿರುಗಿದರು. ಬಸು ಮತ್ತು ಕೋಟ್ನಿಸರು ಉಳಿದುಕೊಂಡರು. ಕೋಟ್ನಿಸರು ಉತ್ತರ ಚೀನದ ಗುಡ್ಡಗಾಡಿನ ಯುದ್ಧಪ್ರದೇಶಕ್ಕೆ ಹೋದಾಗ, ಅಲ್ಲಿ ದುಡಿದಿದ್ದ ಕೆನಡದ ಶಸ್ತ್ರವೈದ್ಯ ನಾರ್ಮನ್ ಬೆಥೂನರು ತೀರಿಕೊಂಡಿದ್ದರು. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಬೆರಳಿಗಾದ ಗಾಯವು ನಂಜೇರಿ 1939ರ ನವೆಂಬರ್ 12ರಂದು ಅವರ ಮರಣ ಸಂಭವಿಸಿತ್ತು. ಅವರ ಹೆಸರಿನ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನಿಸರೇ ನಿರ್ದೇಶಕರಾದರು.

ಇಲ್ಲಿ ಗಮನಾರ್ಹವಾದ ಅಂಶವೊಂದುಂಟು. ಕೋಟ್ನಿಸರು ಗಾಯಾಳುಗಳ ಚಿಕಿತ್ಸೆಯೊಂದರಲ್ಲಿಯೇ ತಮ್ಮ ಕಾರ್ಯವನ್ನು ಮುಗಿಸಲಿಲ್ಲ. ಚೀನೀ ಭಾಷೆಯನ್ನು ಕಲಿತು, ಬೆಥೂನರ ಹೆಸರಿನ ವೈದ್ಯಶಾಲೆಯಲ್ಲಿ ಆ ಭಾಷೆಯಲ್ಲಿಯೇ ಪಾಠ ಹೇಳಿದರು. ವಿದ್ಯಾರ್ಥಿಗಳಿಗಾಗಿ ಶಸ್ತ್ರಚಿಕಿತ್ಸೆಯ ಪಠ್ಯವನ್ನು ಸಿದ್ಧಪಡಿಸಿದರು. ವೈದ್ಯನೊಬ್ಬನು ಮಾಡುವ ಚಿಕಿತ್ಸೆ ಅವನೊಡನೆ ಕೊನೆಗೊಳ್ಳುತ್ತದೆ. ಕಲಿಸಿದ ವಿದ್ಯೆಯಾದರೋ ಉಳಿಯುತ್ತದೆ. 1942ರ ಡಿಸೆಂಬರ್ 9ರಂದು ಅಪಸ್ಮಾರದಿಂದ ಕೋಟ್ನಿಸರು ನಿಧನರಾದಾಗ ಅವರಿಗೆ 32 ವರ್ಷ. ಚೀನೀ ಪತ್ನಿ ಗುವೊ ಚಿಂಗ್‌ಲಾನ್ ಅವರಲ್ಲಿ ಹುಟ್ಟಿದ, ಭಾರತ ಮತ್ತು ಚೀನ ಎಂಬ ಅರ್ಥದ ಇನ್‌ಹುವಾ ಎಂಬ ಹೆಸರಿನ ಮಗನಿಗೆ ಆಗ ಕೆಲವೇ ತಿಂಗಳು.

1946ರಲ್ಲಿ ವಿ. ಶಾಂತಾರಾಮರು ತೆಗೆದ ಚಲನಚಿತ್ರದಿಂದ ಕೋಟ್ನಿಸರ ತ್ಯಾಗವು ನಮ್ಮ ದೇಶದಲ್ಲಿ ಮನೆಮಾತಾಯಿತು. ಆದರೆ ತ್ಯಾಗದ ಕಥೆಯು ಪ್ರಬಲವಾದಷ್ಟೂ ಅಧ್ಯಾಪಕನ ಕಥೆಯು ಹಿಂದೆ ಸರಿಯುತ್ತದೆ. ಅದರೊಡನೆ ಅವರು ವಿದ್ಯಾರ್ಥಿಯೂ ಆಗಿದ್ದರೆಂಬುದು ಮರೆಯಾಗುತ್ತದೆ. ಮುಂಬಯಿಯ ಯಾವ ಆಸ್ಪತ್ರೆಯೂ ನೀಡಲಾರದಿದ್ದ ಯುದ್ಧಶಸ್ತ್ರಚಿಕಿತ್ಸೆಯ ಅನುಭವವನ್ನು ಅವರಿಗೆ ನೀಡಿದ್ದು ಚೀನವೇ. 1943ರಲ್ಲಿ ಹಿಂದಿರುಗಿದ ಬಸು ಅವರೂ ಮುಂದೆ ಮತ್ತೊಮ್ಮೆ ಚೀನಕ್ಕೆ ಹೋಗಿ, ಅಕ್ಯುಪಂಕ್ಚರ್ ಎಂಬ ಸೂಚೀಚಿಕಿತ್ಸೆಯನ್ನು ಕಲಿತು ಭಾರತದಲ್ಲಿ ಅದನ್ನು ಪ್ರಚಾರಕ್ಕೆ ತಂದರು. ಕೊಡಲು ಹೋದವರು ಪಡೆದುಕೊಂಡೂ ಬಂದರು.

ಇಂದಿನ ಪ್ರವಾಸಗಳು ಅನೇಕ ವೇಳೆ ಕೆಲವೇ ವಾರಗಳವು. ಭಾಷೆಯನ್ನರಿಯದ ಅತಿಥಿ ವೈದ್ಯನಿಗೆ ಕೆಲಸ ಕಲಿಸುವ ಹೊರೆ, ಮೊದಲೇ ಸಿಬ್ಬಂದಿ ಸಾಲದ ಆಸ್ಪತ್ರೆಯ ಮೇಲೆ ಬೀಳುತ್ತದೆ. ಈ ಕಾರಣದಿಂದಲೇ 2010ರಲ್ಲಿ ತಜ್ಞರ ಮಂಡಲಿಯೊಂದು ಪ್ರಕಟಿಸಿದ ನೀತಿಸೂತ್ರಗಳು ಉಭಯಪಕ್ಷಗಳಿಗೂ ಪ್ರಯೋಜನವಾಗಬೇಕೆಂದೂ, ಆತಿಥೇಯರ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದೂ ವಿಧಿಸಿದುವು. ಕೆನ್ಯಾದ ಮೋಯಿ ವಿಶ್ವವಿದ್ಯಾನಿಲಯಕ್ಕೂ ಅಮೆರಿಕದ ಇಂಡಿಯಾನ ವಿಶ್ವವಿದ್ಯಾನಿಲಯಕ್ಕೂ 1990ರ ಸುಮಾರಿಗೆ ಏರ್ಪಟ್ಟ ಸಹಯೋಗದಲ್ಲಿ, ಅಮೆರಿಕದವರು ಕೆನ್ಯಾಕ್ಕೆ ಬಂದಂತೆ ಕೆನ್ಯಾದ ವಿದ್ಯಾರ್ಥಿಗಳೂ ಅಮೆರಿಕಕ್ಕೆ ಹೋಗುವ ಏರ್ಪಾಡಾಯಿತು. ಇದೂ ಅದೇ ತತ್ತ್ವದ ಇನ್ನೊಂದು ರೂಪ.

ಆದುದರಿಂದ ಪರದೇಶದಲ್ಲಿ ದುಡಿದ ವೈದ್ಯನ ಸೇವೆಯನ್ನು ಅಳೆಯಬೇಕಾದಾಗ, ಅವನು ಎಷ್ಟು ರೋಗಿಗಳನ್ನು ನೋಡಿದನೆಂಬುದಕ್ಕಿಂತ, ಅವನು ಹೊರಟುಬಂದ ಮೇಲೆ ಆ ಕೆಲಸವನ್ನು ಮಾಡಬಲ್ಲವರು ಅಲ್ಲಿ ಎಷ್ಟು ಮಂದಿ ಉಳಿದರೆಂಬುದನ್ನು ಕೇಳುವುದೇ ಉಚಿತ.