ಒಕ್ಕಲೆಂಬ ಶಬ್ದವೂ ಶಾಶ್ವತ ವಸತಿಯ ಮಂಜೂರಾತಿಯೂ

ಮನೆಯಿಲ್ಲದ ಕುಟುಂಬಗಳಿಗೆ ಶಾಶ್ವತವಾದ ವಸತಿಯನ್ನು ಒದಗಿಸುವ ವಿಷಯವು ಸಾಹಿತ್ಯಾಭ್ಯಾಸಿಗಳ ಕ್ಷೇತ್ರಕ್ಕೆ ಸೇರಿದುದಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಮನೆಯೊಂದು ಮಂಜೂರಾಗುವುದೂ ಆಗದಿರುವುದೂ ಬಹುಮಟ್ಟಿಗೆ ಕೆಲವು ಶಬ್ದಗಳಿಗೆ ಕಾಗದದಲ್ಲಿ ಯಾವ ಅರ್ಥವನ್ನು ಹಚ್ಚಲಾಗಿದೆಯೆಂಬುದನ್ನು ಅವಲಂಬಿಸಿರುವುದರಿಂದ, ಶಬ್ದಾರ್ಥವಿಚಾರವನ್ನೇ ವೃತ್ತಿಯಾಗಿ ಉಳ್ಳವರು ಇದನ್ನು ಪರಿಶೀಲಿಸುವುದು ಅನುಚಿತವಾಗಲಾರದು. ಇದಕ್ಕೆ ಬೇಕಾದ ಉದಾಹರಣೆಯು ಬೆಳಗಾವಿ ಜಿಲ್ಲೆಯ ಮಲಪ್ರಭಾ ಸೀಮೆಯಲ್ಲಿ, ಎಂದರೆ ಸಂಗೊಳ್ಳಿಯನ್ನುಳ್ಳ ಬೈಲಹೊಂಗಲ ತಾಲೂಕಿನಿಂದ ಸವದತ್ತಿ ರಾಮದುರ್ಗಗಳವರೆಗಿನ ನಾಡಿನಲ್ಲಿ, ದೊರೆಯುತ್ತದೆ.

ಈ ಸೀಮೆಯ ಹಳೆಯ ಮನೆಗಳು ದಪ್ಪನಾದ ಮಣ್ಣಿನ ಗೋಡೆಯವು. ತೊಲೆ ಜಂತೆಗಳ ಮೇಲೆ ಮಣ್ಣು ಹರವಿದ ಮಾಳಿಗೆಯವು. ತಲಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳ ಸ್ಥಳ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಒಳಗೆ ಅಡಿಗೆಯ ಮನೆ, ಹಿಂದೆ ಹಿತ್ತಲು. ಅಣ್ಣತಮ್ಮಂದಿರು ಬೇರೆಯಾದಾಗ ಹೊಸ ಮನೆಯನ್ನು ಕಟ್ಟುವುದಕ್ಕಿಂತ ಹೊಸ ಒಲೆಯನ್ನು ಹೂಡುವುದೇ ಹೆಚ್ಚು. ಹೀಗೆ ಒಂದು ತಲಬಾಗಿಲು, ಮೂರು ಒಲೆ, ಆದರೆ ಉತಾರದಲ್ಲಿ ತೀರಿಹೋದ ಅಜ್ಜನೊಬ್ಬನ ಹೆಸರು ಎಂಬ ಸ್ಥಿತಿ ಅಪೂರ್ವವಲ್ಲ. ನೀರು ಹತ್ತದಿರುವವರೆಗೆ ಇದರಿಂದ ಯಾರಿಗೂ ತೊಂದರೆಯಿಲ್ಲ.

2019ರ ಆಗಸ್ಟ ತಿಂಗಳಲ್ಲಿ ನೀರು ಹತ್ತಿತು. ಕನಕುಂಬಿಯ ಬಳಿಯಲ್ಲಿ ಹುಟ್ಟುವ ಮಲಪ್ರಭೆಯು ಘಟ್ಟದ ಅತಿವೃಷ್ಟಿಯಿಂದ ಉಕ್ಕಿ ಹರಿದು, ನವಿಲುತೀರ್ಥದ ಜಲಾಶಯವು ತುಂಬಿ, ಕೆಳಗಿನ ಮುನವಳ್ಳಿ ರಾಮದುರ್ಗಗಳಿಗೂ ಪ್ರವಾಹವು ನುಗ್ಗಿತು. ಮಣ್ಣಿನ ಗೋಡೆಯ ಗುಣವೆಂದರೆ ಅದು ನೀರು ಬಂದ ದಿನವೇ ಬೀಳಬೇಕೆಂದಿಲ್ಲ. ಬುಡದಿಂದ ತೇವವನ್ನು ಹೀರಿ, ನೀರು ಇಳಿದ ಎಷ್ಟೋ ದಿನಗಳ ಮೇಲೆ, ಪಂಚನಾಮೆ ಮಾಡುವವರು ಬಂದು ಹೋದ ತರುವಾಯವೂ ಕುಸಿಯಬಹುದು.

ಆಗ ಬಿದ್ದ ಮನೆಗಳನ್ನು ಮೂರು ವರ್ಗವಾಗಿ ವಿಂಗಡಿಸಲಾಯಿತು. ನೂರಕ್ಕೆ 75ಕ್ಕಿಂತ ಹೆಚ್ಚು ಹಾಳಾದುದು ‘ಎ’, 25ರಿಂದ 75ರವರೆಗಿನದು ‘ಬಿ’, ಅದಕ್ಕೂ ಕಡಿಮೆಯದು ‘ಸಿ’. ಪೂರ್ತಿ ಬಿದ್ದ ಪಕ್ಕಾ ಮನೆಗೆ ರಾಷ್ಟ್ರದ ವಿಪತ್ತು ಪರಿಹಾರದ ನಿಯಮವು ಆ ಕಾಲದಲ್ಲಿ ಬಯಲುಸೀಮೆಗೆ ಗೊತ್ತುಪಡಿಸಿದ್ದುದು 95,100 ರೂಪಾಯಿ ಮಾತ್ರ. ರಾಜ್ಯ ಸರಕಾರವು ಅದನ್ನು 5 ಲಕ್ಷಕ್ಕೆ ಏರಿಸಿದುದು ಉದಾರವಾದ ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಹಣವು ಕಟ್ಟಡದ ಪ್ರಗತಿಯನ್ನು ನೋಡಿಕೊಂಡು ಕಂತುಕಂತಾಗಿ ರಾಜೀವ ಗಾಂಧಿ ವಸತಿ ನಿಗಮದ ಮೂಲಕ ಕೊಡಲ್ಪಟ್ಟಿತು. ಆದರೆ ವಾಚಕರು ಗಮನಿಸಬೇಕಾದುದು ಮೊತ್ತವನ್ನಲ್ಲ, ಎಣಿಕೆಯನ್ನು. ಇಲ್ಲಿ ಎಣಿಸಲ್ಪಡುವುದು ಗೋಡೆ. ಬಿದ್ದುದು ಒಂದು ಮನೆಯಾದರೆ ಪರಿಹಾರವೂ ಒಂದು ಮನೆಗೆ. ಅದರೊಳಗಿನ ಒಲೆಗಳು ಮೂರಾಗಿದ್ದರೂ ಅವು ಈ ಲೆಕ್ಕಕ್ಕೆ ಹೊರಗು. ಮತ್ತು ಯಾರಿಗೆ ಬೀಳುವುದಕ್ಕೆ ಗೋಡೆಯೇ ಇರಲಿಲ್ಲವೋ, ಅನ್ಯರ ಮನೆಯ ಮೂಲೆಯಲ್ಲಿಯೋ ಗುಡಿಯ ಪೌಳಿಯಲ್ಲಿಯೋ ದಿನ ನೂಕುತ್ತಿದ್ದರೋ, ಅವರು ಕಳೆದುಕೊಂಡುದು ಏನೂ ಇಲ್ಲವೆಂದಾಗುತ್ತದೆ.

ಅಂಥವರಿಗೆ ಬೇರೊಂದು ದಾರಿಯಿದೆಯಷ್ಟೆ. ನಮ್ಮ ರಾಜ್ಯದಲ್ಲಿ 1991-92ರಲ್ಲಿ ಹುಟ್ಟಿದ ಆಶ್ರಯ ಯೋಜನೆ, ತರುವಾಯದ ಬಸವ ವಸತಿ, ಕೇಂದ್ರದ ಗ್ರಾಮೀಣ ಆವಾಸ ಯೋಜನೆ (2016) ಇವೆಲ್ಲ ನಿರ್ವಸತಿಕರಿಗಾಗಿಯೇ ಇರುವವು. ಕೇಂದ್ರದ ಯೋಜನೆಯು 2011ರ ಸಾಮಾಜಿಕ ಆರ್ಥಿಕ ಗಣತಿಯನ್ನು ಆಧಾರವಾಗಿಟ್ಟುಕೊಂಡಿತು. ಗಣತಿಯಲ್ಲಾದರೋ ಕುಟುಂಬವೆಂದರೆ ಒಂದೇ ಅಡಿಗೆಯಲ್ಲಿ ಉಣ್ಣುವವರು. ಎಂದರೆ ಇಲ್ಲಿ ಎಣಿಸಲ್ಪಡುವುದು ಒಲೆ. ನಮ್ಮ ಹಳ್ಳಿಗಳ ರೀತಿಗೆ ಇದೇ ಹತ್ತಿರವಾದುದು. ಆದರೆ ಈ ಪಟ್ಟಿಗೆ ಬರಬೇಕಾದರೆ ಮನೆಯೇ ಇಲ್ಲದವರಾಗಿರಬೇಕು, ಇಲ್ಲವೆ ಕಚ್ಚಾ ಗೋಡೆ ಕಚ್ಚಾ ಮಾಡಿನ ಎರಡು ಕೋಣೆಗಳಿಗೆ ಮೀರದ ಮನೆಯಲ್ಲಿರಬೇಕು. ಕೋಣೆಗಳು ಅದಕ್ಕಿಂತ ಹೆಚ್ಚಾದ ಹಳೆಯ ಮಾಳಿಗೆಮನೆಯು, ಗೋಡೆ ಎಷ್ಟೇ ಶಿಥಿಲವಾಗಿರಲಿ, ಇದರೊಳಗೆ ಹಿಡಿಯುವುದಿಲ್ಲ. ಬಿಟ್ಟುಹೋದವರನ್ನು ಸೇರಿಸಲು 2018ರಲ್ಲಿ ಆರಂಭವಾದ ಮರುಸಮೀಕ್ಷೆಯು 2019ರ ಮಾರ್ಚಿನಲ್ಲಿ ಮುಗಿದಿತ್ತು. ಪ್ರವಾಹವು ಬಂದುದು ಐದು ತಿಂಗಳ ಮೇಲೆ.

ಮೂರನೆಯ ಎಣಿಕೆಯು ಹೆಸರಿನದು. ನಿವೇಶನವೆಂಬ ಶಬ್ದವನ್ನು ನೋಡಿರಿ. ಸಂಸ್ಕೃತದಲ್ಲಿ ಅದಕ್ಕೆ ಒಳಹೊಗುವುದು, ನೆಲೆಸುವುದು, ವಾಸದ ಮನೆ ಎಂದು ಅರ್ಥ. ಇಂದಿನ ಕನ್ನಡದಲ್ಲಿಯಾದರೋ ಅದು ಮನೆಯಿಲ್ಲದ ಬರಿಯ ಜಾಗೆಯ ಹೆಸರಾಗಿದೆ! ಈ ಬರಿಯ ಜಾಗೆಯು ಅರ್ಜಿದಾರರ ಹೆಸರಿನಲ್ಲಿರದೆ ಯಾವ ಮಂಜೂರಾತಿಯೂ ಮುಂದೆ ಸಾಗದು. ಪಂಚಾಯತಿಯ ಇ-ಸ್ವತ್ತಿನ 9ನೆಯ ನಮೂನೆ ಬೇಕು. ಅದಕ್ಕೆ ವಾರಸಾ ಹಚ್ಚಿರಬೇಕು, ವಾಟ್ನಿಯಾಗಿರಬೇಕು. ಮನೆಯನ್ನು ಹೆಣ್ಣುಮಕ್ಕಳ ಹೆಸರಿಗೆ ಅಥವಾ ದಂಪತಿಗಳಿಬ್ಬರ ಹೆಸರಿಗೆ ಮಂಜೂರು ಮಾಡಬೇಕೆಂಬ ನಿಯಮವು ಸ್ತುತ್ಯವಾದುದು. ಆದರೆ ಜಾಗೆಯು ಮಾವನ ತಂದೆಯ ಹೆಸರಿನಲ್ಲಿಯೇ ಉಳಿದಿದ್ದರೆ ಆ ಸೊಸೆಗೆ ನಿಯಮದಿಂದ ಬಂದ ಲಾಭವೇನು? ಜಾಗೆಯೇ ಇಲ್ಲದವರಿಗೆ ಸರಕಾರವು ನೆಲವನ್ನು ಒದಗಿಸಬೇಕು. ಸರಕಾರಿ ನೆಲದಲ್ಲಿ ಗೊತ್ತಾದ ದಿನಾಂಕಕ್ಕೆ ಮೊದಲೇ ಮನೆ ಕಟ್ಟಿಕೊಂಡವರಿಗೆ 1964ರ ಭೂಕಂದಾಯ ಅಧಿನಿಯಮದ 94-ಸಿ ಕಲಮಿನ ಅನುಕೂಲವಿದೆ.

ಗೋಡೆ, ಒಲೆ, ಹೆಸರು ಹೀಗೆ ಮೂರು ದಫ್ತರಗಳಲ್ಲಿ ಚದರಿಹೋದ ಅರ್ಥವನ್ನು ಕನ್ನಡವು ಹಿಂದೆ ಒಂದೇ ಮಾತಿನಲ್ಲಿ ಹಿಡಿದಿಟ್ಟಿತ್ತು. ‘ಒಕ್ಕಲು’ ಎಂದರೆ ವಾಸ; ವಾಸವಾಗಿರುವ ಕುಟುಂಬ; ನೆಲವನ್ನು ಅನುಭವಿಸುವ ರೈತ. ಶಾಸನಗಳಲ್ಲಿ ಊರಿನ ಐವತ್ತೊಕ್ಕಲು ಎಂಬಂಥ ಎಣಿಕೆಯು ಬರುವುದನ್ನು ಬಲ್ಲವರು ಬಲ್ಲರು. ಹೊಸ ಮನೆಯನ್ನು ಹೊಗುವುದಕ್ಕೆ ಮನೆಯೊಕ್ಕಲೆಂದೂ, ನೆಲೆಯಿಂದ ಹೊರಡಿಸುವುದಕ್ಕೆ ಒಕ್ಕಲೆಬ್ಬಿಸುವುದೆಂದೂ ಇಂದಿಗೂ ಹೇಳುತ್ತೇವೆ. ಗೋಡೆಯನ್ನು ಕೆಡಹಿದರೆ ಮಾತ್ರವೇ ಒಕ್ಕಲೆಬ್ಬಿಸಿದಂತಾಗುವುದಿಲ್ಲ. ಬದುಕುವ ನೆಲೆಯನ್ನೇ ತಪ್ಪಿಸಿದರೆ ಆಗುತ್ತದೆ. 1995ರಲ್ಲಿ ಚಮೇಲಿ ಸಿಂಗ್ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು, ಆಶ್ರಯವೆಂದರೆ ತಲೆಯ ಮೇಲಿನ ಮಾಡಷ್ಟೇ ಅಲ್ಲ, ಸಾಕಷ್ಟು ಸ್ಥಳ, ಗಾಳಿ, ಬೆಳಕು, ನೀರು, ದಾರಿ ಇವೆಲ್ಲವೂ ಅದರೊಳಗೆ ಸೇರಿದವೆಂದು ವಿವರಿಸಿತು. ಒಕ್ಕಲೆಂಬ ಮಾತಿನ ಅರ್ಥಕ್ಕೆ ಈ ವಿವರಣೆಯು ಸಮೀಪವಾಗಿದೆ.

ಈ ಅರ್ಥವನ್ನು ಮರೆತು ಯೋಜನೆ ಹಾಕಿದರೆ ಏನಾಗುವುದೆಂಬುದಕ್ಕೆ 2009ರ ಪ್ರವಾಹದ ತರುವಾಯದ ‘ಆಸರೆ’ ಮನೆಗಳೇ ಸಾಕ್ಷಿ. ಉತ್ತರ ಕರ್ಣಾಟಕದಲ್ಲಿ ದಾನಿಗಳ ನೆರವಿನಿಂದ ಎತ್ತರದ ನೆಲದಲ್ಲಿ ಕಟ್ಟಿದ ಆ ಮನೆಗಳಲ್ಲಿ ಎಷ್ಟೋ ಬರಿದಾಗಿಯೇ ಉಳಿದುವು. ಹೊಲ ದೂರವಾಯಿತು, ದನ ಕಟ್ಟಲು ಸ್ಥಳ ಸಾಲದಾಯಿತು, ಜನರು ಹಳೆಯ ಊರಿಗೇ ಮರಳಿದರು. ಜನರು ಮೂಢರೆಂದು ಆಗ ಆಡಿಕೊಂಡವರುಂಟು. ನನಗೆ ಹಾಗೆ ತೋರುವುದಿಲ್ಲ. ಇಂದಿನ ಯೋಜನೆಯು ವಿಧಿಸುವ ಕನಿಷ್ಠ ವಿಸ್ತೀರ್ಣವು ಅಡಿಗೆಯ ಸ್ಥಳವೂ ಸೇರಿ 25 ಚದರ ಮೀಟರ್, ಎಂದರೆ ಸುಮಾರು 270 ಚದರ ಅಡಿ. ಜೋಡೆತ್ತು, ಒಂದು ಆಕಳು, ವರ್ಷದ ಕಾಳು, ಮೇವು ಇವು ಎಲ್ಲಿರಬೇಕೆಂಬುದು ಆ ಅಂಕಿಯಲ್ಲಿಲ್ಲ.

ಮೂರು ಎಣಿಕೆಗಳೂ ಎದುರುಬದುರಾಗುವ ಸ್ಥಳವು ಗ್ರಾಮಸಭೆಯೊಂದೇ. ಯಾರ ಒಲೆ ಯಾವಾಗ ಬೇರೆಯಾಯಿತೆಂಬುದು ಅಲ್ಲಿ ಕುಳಿತವರಿಗೆಲ್ಲ ಗೊತ್ತು. ಆದರೂ ಕೇಂದ್ರದ ಪಟ್ಟಿಯ ವಿಷಯದಲ್ಲಿ ಅದಕ್ಕೆ ಅನರ್ಹರ ಹೆಸರನ್ನು ತೆಗೆಯುವುದು ಸುಲಭವಾಗಿದ್ದಿತು, ಬಿಟ್ಟುಹೋದ ಹೆಸರನ್ನು ಸೇರಿಸುವುದು ಹಾಗಿರಲಿಲ್ಲ. ಮಳೆಗಾಲಕ್ಕೆ ಮುನ್ನವೇ, ನದಿ ಶಾಂತವಾಗಿರುವಾಗ, ಪ್ರತಿಯೊಂದು ತಲಬಾಗಿಲಿನ ಒಳಗೆ ಎಷ್ಟು ಒಕ್ಕಲುಗಳಿವೆಯೆಂಬುದನ್ನು ಸಭೆಯಲ್ಲಿ ಓದಿ ಹೇಳಿ ಬರೆದಿಟ್ಟುಕೊಳ್ಳುವುದೂ, ವಾರಸಾ ವಾಟ್ನಿಗಳನ್ನು ಊರಲ್ಲಿಯೇ ಕುಳಿತು ಮುಗಿಸಿಕೊಡುವುದೂ ಹೆಚ್ಚು ಖರ್ಚಿನ ಕೆಲಸಗಳಲ್ಲ. ಹಾಗೆ ಬರೆದಿಟ್ಟ ಕಾಗದವು ಕೈಯಲ್ಲಿದ್ದರೆ, ಗೋಡೆ ಬಿದ್ದ ಮರುದಿನ ಪಂಚನಾಮೆಗೆ ಬಂದವರು ಅಜ್ಜನ ಹೆಸರಿನ ಮುಂದೆ ಒಂದು ಎಂದು ಬರೆಯುವ ಮೊದಲು ಅದನ್ನು ತೆರೆದು ನೋಡಬೇಕಾಗುತ್ತದೆ.