ಕಿವಿಗೆ ಯಂತ್ರ ಬಂತು, ಕಲಿಸುವವರು ಯಾರು?

ಮೈಲಾರದ ಜಾತ್ರೆಗೆ ಹೋದವರಿಗೆಲ್ಲ ಆ ಗಳಿಗೆ ಗೊತ್ತು. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದರೆ ಸಾಕು, ಲಕ್ಷಾಂತರ ಜನ ಕಾರಣಿಕದ ನುಡಿಗಾಗಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಕೆಲವು ವರ್ಷಗಳ ಹಿಂದೆ ಆ ಮೌನದ ನಡುವೆ ಅಜ್ಜಿಯ ಹೆಗಲ ಮೇಲಿದ್ದ ನಾಲ್ಕು ವರ್ಷದ ಹುಡುಗನೊಬ್ಬ ಕೇಕೆ ಹಾಕುತ್ತಲೇ ಇದ್ದನಂತೆ. ಸುತ್ತಲಿನವರು ಗದರಿದರು. ಮರುವಾರ ಅವನನ್ನು ನನ್ನಲ್ಲಿಗೆ ಕರೆತಂದ ಅಜ್ಜಿ ಹೇಳಿದರು: ‘ಇವಗ ಸದ್ದಲೇ ಅಂದದ್ದ ಕೇಳಿಲ್ರಿ ಡಾಕ್ಟ್ರೇ.’

ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ತಟ್ಟೆ ಬಡಿದೆ. ಹುಡುಗ ತಿರುಗಲಿಲ್ಲ. ‘ಅವರಪ್ಪನೂ ತಡವಾಗಿ ಮಾತು ಕಲಿತ’ ಎಂದು ಮನೆಯವರು ಅಷ್ಟು ದಿನ ಸಮಾಧಾನಪಟ್ಟಿದ್ದರು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಿದೆ. ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷವೆಂದು ತಿಳಿದುಬಂತು. ಶ್ರವಣಯಂತ್ರವೂ ಬಂತು. ನನ್ನ ಕೆಲಸ ಮುಗಿಯಿತೆಂದು ನಾನು ಭಾವಿಸಿದೆ. ಅದೇ ನನ್ನ ತಪ್ಪು.

ಆರು ತಿಂಗಳ ನಂತರ ಜ್ವರಕ್ಕೆಂದು ಬಂದಾಗ ಹುಡುಗನ ಕಿವಿಯಲ್ಲಿ ಯಂತ್ರವಿರಲಿಲ್ಲ. ಬೀರುವಿನಲ್ಲಿತ್ತು. ‘ಹಾಕಿದರೆ ಅಳತಾನ, ಮಾತೂ ಬರಲಿಲ್ಲ’ ಎಂದರು ತಾಯಿ. ಕನ್ನಡಕ ಹಾಕಿದೊಡನೆ ಅಕ್ಷರ ಕಾಣುವಂತೆ ಶ್ರವಣಯಂತ್ರ ಹಾಕಿದೊಡನೆ ಮಾತು ಬರುವುದಿಲ್ಲ. ನಾಲ್ಕು ವರ್ಷ ನಿಶ್ಶಬ್ದದಲ್ಲಿದ್ದ ಮಿದುಳಿಗೆ ಅದು ಬರೀ ಗದ್ದಲ. ಆ ಗದ್ದಲದಿಂದ ‘ಅವ್ವ’ ಎಂಬ ಶಬ್ದವನ್ನು ಬೇರ್ಪಡಿಸಿ ಅರ್ಥ ಮಾಡಿಸಲು ತರಬೇತಿ ಪಡೆದ ಗುರು ಬೇಕು.

ಕೊನೆಗೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಮೂಲಕ ಒಬ್ಬ ವಿಶೇಷ ಶಿಕ್ಷಕಿ ಸಿಕ್ಕರು. ಅವರು ಮೊದಲು ಪಾಠ ಹೇಳಿದ್ದು ತಾಯಿಗೆ. ಪ್ರತಿ ಬೆಳಿಗ್ಗೆ ಯಂತ್ರ ಹಾಕಿ, ಹುಡುಗನಿಗೆ ತುಟಿ ಕಾಣದಂತೆ ಹಿಂದೆ ಕುಳಿತು, ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ಹೇಳಬೇಕು. ಕೇಳಿದಾಗಲೆಲ್ಲ ಅವನು ಒಂದು ಕಡಲೆಕಾಳನ್ನು ಬಟ್ಟಲಿಗೆ ಹಾಕಬೇಕು. ನಿನ್ನೆ ಕೇಳಿದ ಧ್ವನಿ ಇಂದು ಕೇಳದಿದ್ದರೆ ಬ್ಯಾಟರಿ ಮುಗಿದಿರಬಹುದು, ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು. ಖರ್ಚಿಲ್ಲದ ಈ ಪರೀಕ್ಷೆ ನಾನು ಎಂ.ಬಿ.ಬಿ.ಎಸ್.ನಲ್ಲಿ ಕಲಿತದ್ದಲ್ಲ.

ತರಬೇತಿಯಲ್ಲಿ ಏನಿದೆ?

ವಿಶೇಷ ಶಿಕ್ಷಕರಾಗಲು ಕರುಣೆಯೊಂದೇ ಸಾಲದು. ಪದವಿಯ ನಂತರದ ವಿಶೇಷ ಶಿಕ್ಷಣ ಬಿ.ಎಡ್.ನಲ್ಲಿ ವಿದ್ಯಾರ್ಥಿಯು ಒಂದು ವೈಕಲ್ಯವನ್ನು ಮುಖ್ಯವಾಗಿ ಅಭ್ಯಸಿಸುತ್ತಾನೆ. ಶ್ರವಣದೋಷವಾದರೆ ಕಿವಿಯ ರಚನೆ, ಆಡಿಯೋಗ್ರಾಂ ಓದುವುದು, ಸಂಜ್ಞೆ ಭಾಷೆ. ದೃಷ್ಟಿದೋಷವಾದರೆ ಆರು ಚುಕ್ಕಿಗಳ ಬ್ರೈಲ್ ಲಿಪಿ, ಕೋಲು ಹಿಡಿದು ಓಡಾಡುವ ಕಲೆ. ಬುದ್ಧಿಮಾಂದ್ಯವಾದರೆ ಅಂಗಿಯ ಗುಂಡಿ ಹಾಕುವಂಥ ಕೆಲಸವನ್ನೂ ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕಲಿಸುವ ವಿಧಾನ. ಪ್ರತಿ ಮಗುವಿಗೂ ಪ್ರತ್ಯೇಕ ಕಲಿಕಾ ಯೋಜನೆ ಬರೆಯುವುದು ಎಲ್ಲರಿಗೂ ಕಡ್ಡಾಯ.

ವೈದ್ಯರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಇರುವಂತೆ ಇವರಿಗೂ 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಎರಡು ವರ್ಷದ ಬಿ.ಎಡ್. ಬದಲು ನಾಲ್ಕು ವರ್ಷದ ಸಂಯುಕ್ತ ಕೋರ್ಸಿಗೆ ಹೋಗುವುದಾಗಿ ಪರಿಷತ್ತು 2024ರಲ್ಲಿ ಪ್ರಕಟಿಸಿತು. ಆದ್ದರಿಂದ ಸೇರುವವರು ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಬೇಕು.

ಕಾನೂನು ಮಕ್ಕಳ ಪರವಾಗಿಯೇ ಇದೆ. 2022ರ ನಿಯಮದಂತೆ ಒಂದರಿಂದ ಐದನೇ ತರಗತಿವರೆಗೆ 10 ವಿಕಲಚೇತನ ಮಕ್ಕಳಿಗೆ, ಆರರಿಂದ ಎಂಟರವರೆಗೆ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು. ಆದರೆ ನಿಯಮಕ್ಕೆ ಕಲಿಸಲು ಬರುವುದಿಲ್ಲ, ಕಲಿಸುವವರು ನಮ್ಮ ಊರುಗಳಿಂದಲೇ ಬರಬೇಕು. ಹಡಗಲಿ, ಹರಪನಹಳ್ಳಿ ಸೀಮೆಯ ಪದವೀಧರರು ಈ ದಾರಿಯನ್ನೂ ಯೋಚಿಸಲಿ. ಮಗುವಿಗೆ ಮನೆಮಾತು ಬಲ್ಲ ಗುರುವಿಗಿಂತ ಬೇರೆ ಔಷಧವಿಲ್ಲ.

ಪೋಷಕರಿಗೆ ಕಿವಿಮಾತು

* ಎಳೆಗೂಸು ದೊಡ್ಡ ಸದ್ದಿಗೆ ಬೆಚ್ಚದಿದ್ದರೆ, ವರ್ಷದ ಮಗು ಹೆಸರು ಕರೆದಾಗ ತಿರುಗದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಮಾತಾಡದಿದ್ದರೆ ತಡಮಾಡದೆ ಪರೀಕ್ಷೆ ಮಾಡಿಸಿ.

* ಪರೀಕ್ಷೆಯಾದ ದಿನವೇ ‘ಕಲಿಸುವವರು ಯಾರು?’ ಎಂದು ವೈದ್ಯರನ್ನು ಕೇಳಿ.

* ಶಾಲೆಯ ಮುಖ್ಯೋಪಾಧ್ಯಾಯರಲ್ಲಿ ಹಾಗೂ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಮಗುವಿನ ಹೆಸರು ಬರೆಸಿ. ಶಾಲೆಗೆ ಹೋಗಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯಿದೆ.

* ಶಿಕ್ಷಕರು ಹೇಳಿದ್ದನ್ನು ಮನೆಯಲ್ಲಿ ದಿನವೂ ಮಾಡಿಸಿ.

ಆ ಹುಡುಗ ಈಗ ಊರಿನ ಶಾಲೆಗೇ ಹೋಗುತ್ತಾನೆ. ಮಾತು ಪೂರ್ತಿ ಸ್ಪಷ್ಟವಿಲ್ಲ, ಕೆಲವನ್ನು ಕೈಸನ್ನೆಯಲ್ಲೇ ಹೇಳುತ್ತಾನೆ. ಆದರೆ ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಾನೆ. ಯಂತ್ರ ಬೀರುವಿನಲ್ಲೇ ಉಳಿದಿದ್ದರೆ ಇಷ್ಟೂ ಆಗುತ್ತಿರಲಿಲ್ಲ.