ಅಂಗಗಳ ನಡುವಿನ ನೀರು

ಎರಡೂ ಕಾಲು ಬಾತುಕೊಂಡಿವೆ ಎಂದು ವೈದ್ಯರ ಬಳಿ ಹೋದವರು ಒಂದನ್ನು ಗಮನಿಸಿರಬಹುದು. ಕಣಕಾಲಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ, ಗುಳಿ ಬೀಳುತ್ತದೆಯೇ ಎಂದು ನೋಡಿದ ಮೇಲೆ ವೈದ್ಯರು ಕಾಲಿನ ಮಾತನ್ನೇ ಬಿಡುತ್ತಾರೆ. ಮಲಗಿದಾಗ ಉಸಿರು ಕಟ್ಟುತ್ತದೆಯೇ? ಮೂತ್ರ ನೊರೆ ನೊರೆಯಾಗಿ ಹೋಗುತ್ತದೆಯೇ? ಹಿಂದೆ ಯಾವಾಗಲಾದರೂ ಕಾಮಾಲೆ ಆಗಿತ್ತೇ? ದಿನಾ ಏನು ಊಟ ಮಾಡುತ್ತೀರಿ? ಹೃದಯ, ಮೂತ್ರಪಿಂಡ, ಪಿತ್ತಜನಕಾಂಗ, ಊಟ, ಈ ನಾಲ್ಕರಲ್ಲಿ ಯಾವುದು ಕೆಟ್ಟರೂ ಕಾಲು ಬಾತುಕೊಳ್ಳಬಹುದು. ಒಂದಕ್ಕೊಂದು ದೂರವಿರುವ ಇವೆಲ್ಲ ಒಂದೇ ಲಕ್ಷಣವನ್ನು ಹೇಗೆ ತೋರಿಸುತ್ತವೆ ಎಂಬುದು ಈ ಅಧ್ಯಾಯದ ಪ್ರಶ್ನೆ.

ಶಾಲೆಯ ಪುಸ್ತಕದಲ್ಲಿ ಜೀರ್ಣಕ್ರಿಯೆಗೆ ಒಂದು ಪಾಠ, ಉಸಿರಾಟಕ್ಕೆ ಇನ್ನೊಂದು, ವಿಸರ್ಜನೆಗೆ ಮತ್ತೊಂದು. ಕಲಿಸಲು ಅದು ಅನುಕೂಲ, ಒಪ್ಪೋಣ. ದೇಹದಲ್ಲಿ ಮಾತ್ರ ಅಂಥ ಗೋಡೆಗಳಿಲ್ಲ. ಎಲ್ಲ ಅಂಗವ್ಯೂಹಗಳೂ ಕೊಡುಕೊಳ್ಳುವುದು ಜೀವಕೋಶಗಳ ಸುತ್ತ ತುಂಬಿರುವ ತೆಳು ಉಪ್ಪುನೀರಿನ ಮೂಲಕ. ವಯಸ್ಕರ ದೇಹದಲ್ಲಿ ರಕ್ತ ಸುಮಾರು 5 ಲೀಟರ್ ಇದ್ದರೆ, ಕೋಶಗಳ ನಡುವಿನ ಈ ನೀರು ಅದರ ಎರಡರಷ್ಟಿದೆ. ಆಮ್ಲಜನಕ, ಸಕ್ಕರೆ, ಹಾರ್ಮೋನು, ಔಷಧ ಯಾವುದೇ ಆಗಲಿ, ರಕ್ತದಿಂದ ಕೋಶಕ್ಕೆ ಹೋಗುವುದು ಈ ನೀರನ್ನು ಹಾದು. ಕಸ ಹೊರಬರುವುದೂ ಇದೇ ದಾರಿಯಲ್ಲಿ.

ಈ ದಾರಿ ಮನುಷ್ಯನ ಕಣ್ಣಿಗೆ ಬಿದ್ದದ್ದು ತಡವಾಗಿ. ಹೃದಯದಿಂದ ಹೊರಟ ರಕ್ತ ಸುತ್ತಿ ಮತ್ತೆ ಹೃದಯಕ್ಕೇ ಮರಳುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಲೆಕ್ಕ ಸಮೇತ ತೋರಿಸಿದ. ಆದರೆ ಅಪಧಮನಿಯಿಂದ ಅಭಿಧಮನಿಗೆ ರಕ್ತ ಹೇಗೆ ದಾಟುತ್ತದೆ ಎಂಬುದನ್ನು ಅವನು ಕಾಣಲಾಗಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1661ರಲ್ಲಿ, ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಎರಡನ್ನೂ ಬೆಸೆಯುವ ಅತಿ ಸಣ್ಣ ನಾಳಗಳ ವಿವರ ಕೊಟ್ಟ. ಅವೇ ಲೋಮನಾಳಗಳು. ಹೆಸರಿನಲ್ಲಿ ರೋಮವಿದ್ದರೂ ಅವು ತಲೆಗೂದಲಿಗಿಂತ ಬಹಳ ಸಣ್ಣವು. ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ, ಎಷ್ಟೋ ಕಡೆ ಮೈ ಮಡಚಿಕೊಂಡು ನುಸುಳುವಷ್ಟೇ ಅಗಲ. ಗೋಡೆಗೆ ಒಂದೇ ಪದರ ಜೀವಕೋಶ.

ಇಷ್ಟು ಸಣ್ಣ ನಾಳಗಳು ಇಷ್ಟೊಂದು ಸಂಖ್ಯೆಯಲ್ಲಿ ಏಕೆ ಬೇಕು? ಲೋಮನಾಳದ ಗೋಡೆಯಾಚೆ ಪದಾರ್ಥಗಳನ್ನು ತಳ್ಳುವ ಪಂಪು ಇಲ್ಲ. ಆಮ್ಲಜನಕ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ತಾನಾಗಿಯೇ ಹರಡಿಕೊಳ್ಳಬೇಕು. ಇದಕ್ಕೆ ವಿಸರಣೆ ಎನ್ನುತ್ತಾರೆ. ವಿಸರಣೆ ಹತ್ತಿರಕ್ಕೆ ಬಹಳ ಚುರುಕು, ದೂರಕ್ಕೆ ಬಹಳ ಜಡ. ದೂರ ಹತ್ತು ಪಟ್ಟಾದರೆ ಬೇಕಾಗುವ ಸಮಯ ನೂರು ಪಟ್ಟು. ಮಿಲಿಮೀಟರಿನ ನೂರರಲ್ಲೊಂದು ಭಾಗವನ್ನು ಆಮ್ಲಜನಕ ನೀರಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ದಾಟುತ್ತದೆ. ಒಂದು ಸೆಂಟಿಮೀಟರ್ ದಾಟಲು ಅದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಮಿದುಳಿನ ಕೋಶ ಸತ್ತೇಹೋಗಿರುತ್ತದೆ. ಹಾಗಾಗಿ ಹೃದಯದ ಇಡೀ ದುಡಿಮೆಯ ಗುರಿ ಒಂದೇ: ರಕ್ತವನ್ನು ಪ್ರತಿ ಕೋಶದ ಪಕ್ಕಕ್ಕೆ ಒಯ್ಯುವುದು. ಕೊನೆಯ ಕೂದಲೆಳೆಯಷ್ಟು ದೂರವನ್ನು ವಿಸರಣೆಯೇ ನೋಡಿಕೊಳ್ಳುತ್ತದೆ.

ಇನ್ನು ನೀರಿನ ವಿಚಾರ. ಲೋಮನಾಳದೊಳಗಿನ ಒತ್ತಡ ನೀರನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಒಳಗೇ ಹಿಡಿದಿಡುವ ಕೆಲಸ ರಕ್ತದಲ್ಲಿನ ಪ್ರೋಟೀನಿನದು, ಮುಖ್ಯವಾಗಿ ಪಿತ್ತಜನಕಾಂಗ ತಯಾರಿಸುವ ಆಲ್ಬುಮಿನ್‌ನದು. ಅದು ಗೋಡೆ ದಾಟಲಾರದಷ್ಟು ದೊಡ್ಡದು, ನೀರನ್ನು ತನ್ನತ್ತ ಸೆಳೆಯುತ್ತದೆ. ಈ ಎಳೆದಾಟವನ್ನು ಬ್ರಿಟನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ವಿವರಿಸಿದ. ಎಳೆದಾಟದಲ್ಲಿ ಗೆಲುವು ತುಸು ಹೊರಗಿನ ಕಡೆಗೇ, ಹಾಗಾಗಿ ದಿನವಿಡೀ ಸ್ವಲ್ಪ ನೀರು ಸೋರುತ್ತಲೇ ಇರುತ್ತದೆ. ಹೀಗೆ ಸೋರಿದ್ದನ್ನು ದುಗ್ಧನಾಳಗಳು ಒಟ್ಟುಗೂಡಿಸಿ ಕುತ್ತಿಗೆಯ ಬುಡದಲ್ಲಿರುವ ದೊಡ್ಡ ಅಭಿಧಮನಿಗಳಿಗೆ ಮರಳಿ ಸುರಿಯುತ್ತವೆ.

ಈಗ ವೈದ್ಯರ ಪ್ರಶ್ನೆಗಳ ಹಿಂದಿನ ತರ್ಕ ಕಾಣುತ್ತದೆ. ಹೃದಯ ಸೋತರೆ ಅಭಿಧಮನಿಗಳಲ್ಲಿ ರಕ್ತ ನಿಂತು ಒತ್ತಡ ಏರುತ್ತದೆ. ಮೂತ್ರಪಿಂಡದ ಸೋಸುವ ಪೊರೆ ಹಾಳಾದರೆ ಆಲ್ಬುಮಿನ್ ಮೂತ್ರದಲ್ಲಿ ಹೋಗುತ್ತದೆ, ನೊರೆಗೆ ಅದೇ ಕಾರಣ. ಪಿತ್ತಜನಕಾಂಗ ಸೊರಗಿದರೆ ಆಲ್ಬುಮಿನ್ ಸಾಕಷ್ಟು ತಯಾರಾಗುವುದಿಲ್ಲ. ಊಟದಲ್ಲಿ ಪ್ರೋಟೀನಿಗೆ ತೀವ್ರ ಕೊರತೆಯಾದ ಮಕ್ಕಳಲ್ಲೂ ಅದು ಕುಸಿಯುತ್ತದೆ. ಅಂಥ ಮಗುವಿನ ಉಬ್ಬಿದ ಕೆನ್ನೆ, ಕಾಲು ಕಂಡು ಮೈತುಂಬಿಕೊಂಡಿದೆ ಎಂದು ಮೋಸಹೋಗುವವರಿದ್ದಾರೆ. ಅದು ಹಸಿವಿನ ಬಾವು. ಐದನೆಯ ಕಾರಣವೂ ಒಂದಿದೆ. ನಮ್ಮ ಕರಾವಳಿಗೂ ಕಲಬುರಗಿ, ಬೀದರ್ ಕಡೆಗೂ ಬಹುಕಾಲದಿಂದ ಪರಿಚಯವಿರುವ ಆನೆಕಾಲು ರೋಗದಲ್ಲಿ, ಸೊಳ್ಳೆಯಿಂದ ಬಂದ ಫೈಲೇರಿಯಾ ಹುಳುಗಳು ದುಗ್ಧನಾಳಗಳಲ್ಲಿ ಬೀಡುಬಿಟ್ಟು ಅವನ್ನು ಕೆಡಿಸುತ್ತವೆ. ಸೋರಿದ ನೀರಿಗೆ ಹಿಂದಿರುಗುವ ದಾರಿಯೇ ಇಲ್ಲದಂತಾಗುತ್ತದೆ.

ಶ್ವಾಸಕೋಶದ ಕತೆಯನ್ನು ಹಿಂದಿನ ಅಧ್ಯಾಯದಲ್ಲಿ ನೋಡಿದ್ದೇವೆ, ಇಲ್ಲಿ ಒಂದೇ ಮಾತು. ವಿಶ್ರಾಂತಿಯಲ್ಲಿರುವಾಗ ಕೆಂಪು ಕಣ ಶ್ವಾಸಕೋಶದ ಲೋಮನಾಳದಲ್ಲಿ ಇರುವುದು ಸುಮಾರು ಮುಕ್ಕಾಲು ಸೆಕೆಂಡು. ಆಮ್ಲಜನಕ ತುಂಬಿಕೊಳ್ಳಲು ಅದರ ಮೂರನೇ ಒಂದು ಭಾಗ ಸಾಕು. ಇಳಿಸುವಾಗಲೂ ಲೆಕ್ಕವಿದೆ. ದುಡಿಯುವ ಸ್ನಾಯುವಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ, ಅದು ಹೆಚ್ಚಿದಷ್ಟೂ ಹಿಮೋಗ್ಲೋಬಿನ್‌ನ ಹಿಡಿತ ಸಡಿಲವಾಗುತ್ತದೆ. ಯಾರಿಗೆ ಹೆಚ್ಚು ಬೇಕೋ ಅವರಿಗೇ ಹೆಚ್ಚು, ಮಿದುಳಿನ ಅಪ್ಪಣೆಯೇ ಬೇಡ. 1904ರಲ್ಲಿ ಇದನ್ನು ವಿವರಿಸಿದವನು ಕೋಪನ್‌ಹೇಗನ್ನಿನ ಕ್ರಿಸ್ಟಿಯನ್ ಬೋರ್, ಪರಮಾಣುವಿನ ಮಾದರಿ ಕೊಟ್ಟ ನೀಲ್ಸ್ ಬೋರ್‌ನ ತಂದೆ.

ಮೂತ್ರಪಿಂಡದ ರೀತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಕಸವನ್ನು ಗುರುತಿಸಿ ಹೊರಹಾಕುವುದಷ್ಟೇ ಅದರ ಕೆಲಸ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಮಾಡುವುದು ಯುಗಾದಿಗೆ ಮುಂಚೆ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ಸಾಗಿಸಿ, ಬೇಕಾದ್ದನ್ನು ಮಾತ್ರ ಮತ್ತೆ ಒಳಗಿಡುವಂಥ ಕೆಲಸ. ಆಲ್ಬುಮಿನ್‌ನಂಥ ದೊಡ್ಡ ಅಣುಗಳು ಮತ್ತು ರಕ್ತಕಣಗಳನ್ನು ಬಿಟ್ಟು, ಸಕ್ಕರೆ, ಉಪ್ಪು, ನೀರು, ಯೂರಿಯಾ ಎನ್ನದೆ ಎಲ್ಲವನ್ನೂ ಸೋಸಿ ಹೊರಬಿಡುತ್ತದೆ, ದಿನಕ್ಕೆ ಸುಮಾರು 180 ಲೀಟರ್. ಅದರಲ್ಲಿ 178 ಲೀಟರಿಗೂ ಹೆಚ್ಚನ್ನು ಮರಳಿ ರಕ್ತಕ್ಕೆ ಸೇರಿಸುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಇರುವುದೇ 3 ಲೀಟರಿನಷ್ಟು, ಅಂದರೆ ಅದು ದಿನಕ್ಕೆ 60 ಸಲ ಸೋಸಿ ಬರುತ್ತದೆ. ಹೀಗೆ ಮಾಡುವುದರಿಂದ ದೊಡ್ಡ ಲಾಭವಿದೆ. ದೇಹ ಹಿಂದೆಂದೂ ಕಾಣದ ಒಂದು ಪದಾರ್ಥ ರಕ್ತಕ್ಕೆ ಬಂದರೂ, ಅದನ್ನು ಮರಳಿ ಎತ್ತಿಕೊಳ್ಳುವ ಏರ್ಪಾಡು ಇಲ್ಲವಾದ್ದರಿಂದ ಅದು ಮೂತ್ರದಲ್ಲಿ ಹೋಗಿಬಿಡಬಹುದು.

ಕರುಳು ಕೂಡ ನಾವು ಅಂದುಕೊಂಡಂತೆ ಹೀರುವ ಅಂಗ ಮಾತ್ರವಲ್ಲ, ಸುರಿಯುವ ಅಂಗವೂ ಹೌದು. ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ರಸ, ಕರುಳಿನ ಸ್ವಂತ ರಸ, ಇವೆಲ್ಲ ಸೇರಿ ದಿನಕ್ಕೆ ಸುಮಾರು 7 ಲೀಟರ್ ನೀರು ರಕ್ತದಿಂದ ಅನ್ನಮಾರ್ಗಕ್ಕೆ ಇಳಿಯುತ್ತದೆ. ನಾವು ಕುಡಿದು ಉಂಡದ್ದರಲ್ಲಿ ಇನ್ನೊಂದು 2 ಲೀಟರ್. ಮಲದಲ್ಲಿ ಹೋಗುವುದು ಲೋಟದಷ್ಟೂ ಅಲ್ಲ, ಉಳಿದದ್ದೆಲ್ಲ ರಕ್ತಕ್ಕೆ ವಾಪಸ್ಸು. ಕಾಲರಾದಂಥ ಕಾಯಿಲೆಯ ಭೀಕರತೆ ಈ ಲೆಕ್ಕದಿಂದ ಅರ್ಥವಾಗುತ್ತದೆ. ಕಾಲರಾದ ವಿಷ ಕರುಳಿನ ಕೋಶಗಳಿಂದ ಉಪ್ಪು ಮತ್ತು ನೀರನ್ನು ಎಡೆಬಿಡದೆ ಸುರಿಸುತ್ತದೆ. ಬರೀ ನೀರು ಕುಡಿಸಿದರೆ ಅದೂ ಹರಿದುಹೋಗುತ್ತದೆ.

ಉಳಿದಿರುವ ಒಂದು ಬಾಗಿಲನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿ ಪ್ರಾಗ್‌ನ ಸಭೆಯೊಂದರಲ್ಲಿ ಮಂಡಿಸಿದ. ಕರುಳಿನ ಕೋಶದಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಹೋಗುವ ದಾರಿಯಿದೆ, ಒಂದಿಲ್ಲದೆ ಇನ್ನೊಂದು ಅಲ್ಲಿ ಹೋಗದು. ಇವೆರಡು ಒಳಹೋದರೆ ನೀರು ಹಿಂಬಾಲಿಸುತ್ತದೆ. ಕಾಲರಾದ ವಿಷ ಈ ಬಾಗಿಲನ್ನು ಮುಚ್ಚಲಾರದು. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ನರಕ್ಕೆ ಏರಿಸುವ ಸಲೈನ್ ಸಾಲದೆ ಹೋಯಿತು. ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸತೊಡಗಿದರು. ಕುಡಿಸುವ ಕೆಲಸ ಹೆಚ್ಚಾಗಿ ಮನೆಯವರದ್ದೇ. ಅಲ್ಲಿಯವರೆಗೆ ನೂರಕ್ಕೆ 30ರಷ್ಟಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ದೇಶ ಇದಕ್ಕೆ ಅರ್ಧ ಶತಮಾನ ತೆಗೆದುಕೊಂಡಿತಲ್ಲ ಎಂಬ ಸಂಕಟ ನನಗಿದೆ.

ಆ ದ್ರಾವಣವೇ ಇಂದಿನ ಓಆರ್‌ಎಸ್. ಅದರ ಗುಟ್ಟು ಪ್ರಮಾಣದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಅಣುಗಳ ಲೆಕ್ಕದಲ್ಲಿ ಸರಿಸಮ. ಸಕ್ಕರೆ ಅತಿಯಾದರೆ ಅದು ಕರುಳಿನಲ್ಲೇ ಉಳಿದು ರಕ್ತದಿಂದ ನೀರನ್ನು ಹೊರಕ್ಕೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಆದ್ದರಿಂದ ಮಗುವಿಗೆ ಭೇದಿಯಾದಾಗ ತಂಪು ಪಾನೀಯವನ್ನೋ ಪೊಟ್ಟಣದ ಹಣ್ಣಿನ ರಸವನ್ನೋ ಕೊಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ ಓಆರ್‌ಎಸ್ ಪೊಟ್ಟಣ ತನ್ನಿ, ಅದರ ಮೇಲೆ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಇಡೀ ಪೊಟ್ಟಣವನ್ನು ಒಟ್ಟಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಸಿ, ಉಳಿದದ್ದನ್ನು 24 ಗಂಟೆಯ ಮೇಲೆ ಚೆಲ್ಲಿ. ಎದೆಹಾಲು, ಊಟ ನಿಲ್ಲಿಸಬೇಡಿ. ಮಗು ಮಂಕಾದರೆ, ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.